ಗಾಂಜಾ ನಾಟಿ ತಳಿ ಉಳಿಸುವುದು ರಾಗಿ ಉಳಿಸಿದಷ್ಟು ಸುಲಭವಾ?

ಪ್ರಶ್ನೆ: ಸರ್, ನಮ್ಮದು ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿ. ಮಳೆ ನಂಬಿಕೊಂಡು ರಾಗಿ, ಕಡಲೆಕಾಯಿ ಹಾಕುತ್ತೇವೆ. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಮಗಳು ಬಿಎಸ್ಸಿ ಅಗ್ರಿ ಓದುತ್ತಿದ್ದಾಳೆ. ಸೆಮಿನಾರ್‌ಗೆ ಗಾಂಜಾದ ನಾಟಿ ತಳಿಗಳ ವಿಷಯ ತೆಗೆದುಕೊಂಡಿದ್ದಾಳೆ. ಮನೆಯಲ್ಲಿ ಎಲ್ಲರಿಗೂ ಗಾಬರಿ. ತಳಿ ಅಭಿವೃದ್ಧಿಗೆ ಅವು ನಿಜವಾಗಿಯೂ ಬೇಕಾ? ನಮ್ಮ ನಾಟಿ ರಾಗಿಯನ್ನು ಉಳಿಸಿಕೊಂಡ ಹಾಗೆ ಅವನ್ನೂ ಉಳಿಸಬಹುದಾ? ಹೆಂಪ್‌ಗೆ, ಅಂದರೆ ನಾರು, ಬೀಜಕ್ಕೆ ಬೆಳೆಯುವ ಗಾಂಜಾಕ್ಕೆ, ಈಗ ಸರ್ಕಾರ ಅನುಮತಿ ಕೊಟ್ಟಿದೆ ಅಂತ ಯಾರೋ ಹೇಳಿದರು. ಒಂದು ಎಕರೆ ಹಾಕಿ ನೋಡಬಹುದಾ?

ಉತ್ತರ: ಗಾಬರಿ ಬಿಡಿ. ತಳಿ ಅಭಿವೃದ್ಧಿ ಓದುವವರಿಗೆ ಇಷ್ಟು ಒಳ್ಳೆಯ ವಿಷಯ ಸಿಗುವುದು ಅಪರೂಪ. ಕಾಲೇಜಿನ ಪಾಠದಲ್ಲಿ ಬರುವ ಉದಾಹರಣೆಗಳು ಬಹುಪಾಲು ಭತ್ತ, ಗೋಧಿ, ರಾಗಿಯವು. ಅವೆಲ್ಲ ತಮ್ಮ ಹೂವಿಗೆ ತಾವೇ ಪರಾಗ ಕೊಟ್ಟುಕೊಳ್ಳುವ ಬೆಳೆಗಳು. ಗಾಂಜಾದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ, ನಡುವೆ ಗಾಳಿ. ಇದೊಂದೇ ಕಾರಣಕ್ಕೆ ನಾಟಿ ತಳಿ ಉಳಿಸುವ ಲೆಕ್ಕ ಪೂರ್ತಿ ಬದಲಾಗುತ್ತದೆ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ. ಮೂರನೆಯದಕ್ಕೆ ಈಗಲೇ ಹೇಳಿಬಿಡುತ್ತೇನೆ: ಹಾಕಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಿಮಗೆ ಗೊತ್ತಿರುವ ರಾಗಿಯಿಂದಲೇ ಶುರು ಮಾಡೋಣ. ನೂರು ವರ್ಷದ ಹಿಂದೆ ನಿಮ್ಮ ಹೊಲದಲ್ಲಿದ್ದ ರಾಗಿ ಒಂದೇ ತರಹ ಇರಲಿಲ್ಲ. ಒಂದು ತೆನೆ ಮುಷ್ಟಿ ಬಿಗಿದಂತೆ, ಇನ್ನೊಂದು ಬೆರಳು ಬಿಚ್ಚಿದಂತೆ. ಒಂದರ ಕಡ್ಡಿ ಹಸಿರು, ಒಂದರದ್ದು ಕಪ್ಪು ಮಿಶ್ರ. ಕೆಲವು ಬೇಗ ಬಲಿಯುತ್ತವೆ, ಕೆಲವು ನಿಧಾನ. ಮಳೆ ಮುಂಚೆ ನಿಂತರೆ ಬೇಗ ಬಲಿಯುವವು ಕೈ ಹಿಡಿಯುತ್ತವೆ. ಹಿಂಗಾರು ಚೆನ್ನಾಗಿ ಬಂದರೆ ನಿಧಾನದವು ಚೀಲ ತುಂಬಿಸುತ್ತವೆ. ಒಂದು ಸೀಮೆಯಲ್ಲಿ ತಲೆತಲಾಂತರದಿಂದ ಬಿತ್ತಿ, ಆರಿಸಿ, ಮತ್ತೆ ಬಿತ್ತಿ ಬಂದ ಇಂಥ ಮಿಶ್ರ ಗುಂಪನ್ನೇ ನಾವು ನಾಟಿ ತಳಿ ಅನ್ನುವುದು.

ತಳಿ ವಿಜ್ಞಾನಿ ಈ ಗುಂಪಿನಿಂದ ಎರಡು ರೀತಿ ಪ್ರಯೋಜನ ಪಡೆಯುತ್ತಾನೆ. ಮೊದಲನೆಯದು ಬರೀ ಆಯ್ಕೆ. ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಹೊರಬಂದ ಎಚ್-22 ರಾಗಿ ಹಾಗೆ ಬಂದದ್ದು. ಗುಂಪಿನಲ್ಲಿ ಒಳ್ಳೆಯ ತೆನೆ ಆರಿಸಿ, ಅದೊಂದನ್ನೇ ಬೆಳೆಸಿ, ಹಂಚಿದರು. ಎರಡನೆಯದು ದೂರದ ಎರಡು ನಾಟಿಗಳನ್ನು ಕೂಡಿಸುವುದು. ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾ, ಆಫ್ರಿಕಾ ಎರಡೂ ಸೇರಿ ಆ ಹೆಸರು. ಈಗ ನೀವು ಬಿತ್ತುತ್ತಿರುವುದು ಜಿಪಿಯು-28 ಆಗಿದ್ದರೆ ಅದರ ವಂಶಾವಳಿಯಲ್ಲೂ ಐಇ-1012 ಎಂಬ ಆಫ್ರಿಕಾ ಮೂಲದ ರಾಗಿ ಇದೆ. ಬೆಂಕಿ ರೋಗ ತಡೆಯುವ ಶಕ್ತಿಗೆ ಅದನ್ನು ತಂದದ್ದು.

ನಾಟಿ ತಳಿಯ ಬೆಲೆ ನೋಡಿದ ಕೂಡಲೇ ಗೊತ್ತಾಗುವುದಿಲ್ಲ. ಇದಕ್ಕೆ ತಳಿ ವಿಜ್ಞಾನಿಗಳು ಯಾವಾಗಲೂ ಹೇಳುವ ಕಥೆ ಒಂದು ಗೋಧಿಯದು. 1948ರಲ್ಲಿ ಜ್ಯಾಕ್ ಹಾರ್ಲನ್ ಎಂಬ ಅಮೆರಿಕದ ವಿಜ್ಞಾನಿ ಟರ್ಕಿಯ ಪೂರ್ವ ಭಾಗದಿಂದ ಒಂದು ಗೋಧಿ ತಂದರು. ಅದು ಉದ್ದ, ಸಣಕಲು, ಗಾಳಿಗೆ ಬಿದ್ದುಹೋಗುವ ಗೋಧಿ. ಚಳಿ ತಡೆಯುವುದಿಲ್ಲ, ರೊಟ್ಟಿಗೂ ಸರಿ ಬರುವುದಿಲ್ಲ. ಪಿಐ 178383 ಅಂತ ನಂಬರ್ ಹಾಕಿ ಮೂಲೆಗಿಟ್ಟರು. ಸುಮಾರು ಹದಿನೈದು ವರ್ಷ ಯಾರೂ ಮುಟ್ಟಲಿಲ್ಲ. ಆಮೇಲೆ ಅಮೆರಿಕದ ವಾಯವ್ಯ ರಾಜ್ಯಗಳಲ್ಲಿ ಪಟ್ಟೆ ತುಕ್ಕು ರೋಗ ಜೋರಾಯಿತು. ನೋಡಿದರೆ ಈ ಸಣಕಲು ಗೋಧಿಗೆ ಆ ರೋಗದ ನಾಲ್ಕು ಬಗೆಗಳನ್ನು ತಡೆಯುವ ಶಕ್ತಿ ಇತ್ತು, ಜೊತೆಗೆ ಕಾಡಿಗೆ ರೋಗದ ಹತ್ತಾರು ಬಗೆಗಳನ್ನೂ. ಅಲ್ಲಿನ ಗೋಧಿ ತಳಿಗಳ ಅಪ್ಪ ಅಜ್ಜಂದಿರ ಪಟ್ಟಿಗೆ ಅದೂ ಸೇರಿತು. ಗಾಂಜಾದ ನಾಟಿ ತಳಿಗಳ ಬಗ್ಗೆ ಮಾತಾಡುವಾಗಲೂ ಈ ಗೋಧಿಯನ್ನು ನೆನಪಿಟ್ಟುಕೊಳ್ಳಿ. ಅಮಲು ಬರಿಸುವುದೊಂದೇ ಗಾಂಜಾ ಗಿಡದ ಗುಣ ಅಂದುಕೊಂಡರೆ ಉಳಿದದ್ದೆಲ್ಲ ಮೂಲೆಗೆ ಹೋಗುತ್ತದೆ.

ಈ ಗಿಡ ಮನುಷ್ಯನ ಬಹಳ ಹಳೆಯ ಜೊತೆಗಾರ. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ 110 ಮಾದರಿಗಳ ಪೂರ್ತಿ ಡಿಎನ್ಎ ಹೋಲಿಸಿ ನೋಡಿತು. ಸುಮಾರು 12,000 ವರ್ಷದ ಹಿಂದೆ ಪೂರ್ವ ಏಷ್ಯಾದಲ್ಲಿ ಇದನ್ನು ಮೊದಲು ಪಳಗಿಸಿದರು, ನಾರಿನ ಕವಲು ಮತ್ತು ಮತ್ತಿನ ಕವಲು ಆಮೇಲೆ ಬೇರೆ ಬೇರೆಯಾದವು ಅನ್ನುವುದು ಅದರ ತೀರ್ಮಾನ. ಪಳಗಿಸುವ ಮೊದಲಿನ ಶುದ್ಧ ಕಾಡು ಮೂಲ ಈಗ ಉಳಿದಿರುವ ಹಾಗಿಲ್ಲ ಅಂತಲೂ ಅದು ಹೇಳುತ್ತದೆ. ಇದು ಸಣ್ಣ ವಿಷಯ ಅಲ್ಲ. ಬೇರೆ ಬೆಳೆಗಳಲ್ಲಿ ನಾಟಿ ತಳಿ ಹೋದರೂ ಕಾಡು ಬಂಧುಗಳ ಹತ್ತಿರ ಹೋಗಿ ಸಾಲ ಕೇಳಬಹುದು. ಇಲ್ಲಿ ನಾಟಿ ತಳಿಗಳು ಮತ್ತು ಹೊಲದಿಂದ ತಪ್ಪಿಸಿಕೊಂಡು ಬೇಲಿ ಬದಿಯಲ್ಲಿ ತಾನಾಗಿ ಬೆಳೆಯುವ ಗಿಡಗಳೇ ಕೊನೆಯ ಖಜಾನೆ.

ಸೀಮೆ ಸೀಮೆಗೆ ಇವು ಎಷ್ಟು ಬೇರೆ ಅಂದರೆ, ಒಂದು ಕಡೆಯದನ್ನು ಇನ್ನೊಂದು ಕಡೆ ಇಟ್ಟರೆ ಕೆಲಸಕ್ಕೇ ಬರುವುದಿಲ್ಲ. ಕಾರಣ ಹಗಲಿನ ಉದ್ದ. ಹಗಲು ಕಡಿಮೆಯಾಗುತ್ತಾ ಬಂದಾಗ ಹೂ ಬಿಡುವ ಗಿಡ ಇದು. ಮಧುಗಿರಿಯಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆಯ ಒಳಗೇ. ಉತ್ತರಾಖಂಡದ ಕುಮಾವೂನ್ ಬೆಟ್ಟಗಳಲ್ಲಿ ಅದು 14 ಗಂಟೆ ಸಮೀಪ. ಫಿನ್ಲೆಂಡಿನ ದಕ್ಷಿಣದಲ್ಲಿ ಸುಮಾರು 19 ಗಂಟೆ. ನಮ್ಮ ದಕ್ಷಿಣ ಭಾರತದ ನಾಟಿಗಳು ಎತ್ತರ, ಎಲೆ ಸಪೂರ, ಹೂವಿನ ಕಾಲ ದೀರ್ಘ. ಫಿನ್ಲೆಂಡಿನಲ್ಲಿ ನೆಟ್ಟರೆ ಹೂ ಬಿಡುವ ಮೊದಲೇ ಹಿಮ ಬೀಳುತ್ತದೆ. ಅಲ್ಲಿಯವನ್ನು ಇಲ್ಲಿಗೆ ತಂದರೆ ಮೊಣಕಾಲೆತ್ತರಕ್ಕೇ ಹೂ ಬಿಟ್ಟು ಮುಗಿಸುತ್ತವೆ. ಅಫ್ಘಾನಿಸ್ತಾನದ ಒಣ ಬೆಟ್ಟಗಳದ್ದು ಇನ್ನೊಂದು ರೀತಿ: ಗಿಡ್ಡ, ದಪ್ಪ ಕವಲು, ಅಗಲ ಎಲೆ, ಬೇಗ ಮುಗಿಯುವ ಜಾತಿ. ರಷ್ಯಾದ ವೋಲ್ಗಾ ಸೀಮೆಯಲ್ಲಿ ತಾನಾಗಿ ಬೆಳೆಯುವ ಕುಳ್ಳ ಗಿಡವನ್ನು 1924ರಲ್ಲಿ ಸಸ್ಯ ವಿಜ್ಞಾನಿ ಯಾನಿಶೆವ್‌ಸ್ಕಿ ವಿವರಿಸಿದರು. ಹಗಲಿನ ಉದ್ದಕ್ಕೆ ಕಾಯದೆ ವಯಸ್ಸಿಗೆ ಬಂದ ಕೂಡಲೇ ಹೂ ಬಿಡುವ ಗುಣವನ್ನು ಇವತ್ತಿನ ತಳಿಗಳಿಗೆ ತಂದದ್ದು ಇಂಥ ಉತ್ತರದ ಗಿಡಗಳೇ.

ಇಲ್ಲೊಂದು ಗೊಂದಲ ಬಿಡಿಸಬೇಕು. ಮಗಳು ನೆಟ್‌ನಲ್ಲಿ ಹುಡುಕಿದರೆ 'ಇಂಡಿಕಾ', 'ಸಟೈವಾ' ಅಂತ ಎರಡು ಪಂಗಡ ಸಿಗುತ್ತವೆ. ಇಂಡಿಕಾ ಅಂದರೆ ಗಿಡ್ಡ, ಅಗಲ ಎಲೆ ಅಂತ ಬರೆದಿರುತ್ತಾರೆ. ಆ ಹೆಸರು ಇಟ್ಟವರು ಫ್ರಾನ್ಸಿನ ಲಾಮಾರ್ಕ್, 1785ರಲ್ಲಿ. ಸೊನೆರಾ ಎಂಬ ಯಾತ್ರಿಕ ಭಾರತದಿಂದ ಒಯ್ದ ಮಾದರಿ ನೋಡಿ ಇಟ್ಟದ್ದು. ಅದು ನಮ್ಮ ಕಡೆಯ ಸಪೂರ ಎಲೆಯ ಗಿಡ. 1970ರ ದಶಕದಲ್ಲಿ ಅಫ್ಘಾನಿಸ್ತಾನದ ಅಗಲ ಎಲೆ ಗಿಡಕ್ಕೆ ಅದೇ ಹೆಸರು ಅಂಟಿತು, ವ್ಯಾಪಾರಿಗಳು ಅದನ್ನೇ ಹಿಡಿದುಕೊಂಡರು. ಸೆಮಿನಾರಿನಲ್ಲಿ ಇದನ್ನು ಒಂದು ಸ್ಲೈಡ್‌ನಲ್ಲಿ ಹೇಳಿ ಮುಂದಕ್ಕೆ ಹೋಗಲಿ. ಪ್ರಶ್ನೆ ಕೇಳುವವರ ಬಾಯಿ ಅರ್ಧ ಮುಚ್ಚುತ್ತದೆ.

ಈಗ ನಿಮ್ಮ ಮೊದಲ ಪ್ರಶ್ನೆ: ತಳಿ ಅಭಿವೃದ್ಧಿಗೆ ಇವುಗಳಿಂದ ಆದದ್ದೇನು? ನನಗೆ ಬಹಳ ಇಷ್ಟವಾದ ಉದಾಹರಣೆ ಫಿನೋಲಾ. ಎಣ್ಣೆ ಬೀಜಕ್ಕೆ ಬೆಳೆಯುವ ಹೆಂಪ್ ತಳಿ ಇದು. ಫಿನ್ಲೆಂಡಿನಲ್ಲಿ 1990ರ ದಶಕದಲ್ಲಿ ಅಭಿವೃದ್ಧಿಯಾಯಿತು. ಗಿಡ ಗಿಡ್ಡ, ಕಟಾವು ಯಂತ್ರಕ್ಕೆ ಸರಿಹೋಗುತ್ತದೆ, ಉತ್ತರದ ಪುಟ್ಟ ಬೇಸಿಗೆಯಲ್ಲೇ ಕಾಳು ಕಟ್ಟುತ್ತದೆ. ಕೆನಡಾದ ರೈತರೂ ಬೆಳೆದರು. ಅದರ ಮೂಲ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ವಾವಿಲೋವ್ ಸಂಸ್ಥೆಯ ಬೀಜ ಬ್ಯಾಂಕಿನಿಂದ ಬಂದ ಎರಡು ಮಾದರಿಗಳು, ವಿಐಆರ್-313 ಮತ್ತು ವಿಐಆರ್-315. ಉತ್ತರದ ಆ ನಾಟಿ ಬೀಜ ಡಬ್ಬಿಯಲ್ಲಿ ಇಲ್ಲದಿದ್ದರೆ ಫಿನೋಲಾ ಇಲ್ಲ.

ಆ ಬ್ಯಾಂಕಿನ ಕಥೆಯೂ ಗೊತ್ತಿರಲಿ. ವಾವಿಲೋವ್ 1924ರಲ್ಲಿ ಅಫ್ಘಾನಿಸ್ತಾನದಲ್ಲಿ ಓಡಾಡಿ ಬೀಜ ಕೂಡಿಹಾಕಿದವರು, ಅಲ್ಲಿನ ಗಾಂಜಾ ಗಿಡಗಳನ್ನೂ ವಿವರಿಸಿದವರು. ಎರಡನೇ ಮಹಾಯುದ್ಧದಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ಗೆ, ಆಗಿನ ಲೆನಿನ್‌ಗ್ರಾಡ್‌ಗೆ ಮುತ್ತಿಗೆ ಬಿದ್ದಾಗ ಅವರ ಸಹೋದ್ಯೋಗಿಗಳು ಭತ್ತ, ಗೋಧಿ, ಕಾಳುಗಳ ಚೀಲಗಳ ನಡುವೆ ಕೂತು ಹಸಿವಿನಿಂದ ಸತ್ತರು. ಬೀಜ ಮುಟ್ಟಲಿಲ್ಲ. ವಾವಿಲೋವ್ 1943ರಲ್ಲಿ ಸ್ಟಾಲಿನ್ ಸರ್ಕಾರದ ಜೈಲಿನಲ್ಲಿ ತೀರಿಕೊಂಡರು.

ಇನ್ನು ನಾರು. ಜರ್ಮನಿಯ ತಳಿ ವಿಜ್ಞಾನಿ ಬ್ರೆಡೆಮನ್ ಒಂದು ಚೆಂದದ ಉಪಾಯ ಕಂಡುಕೊಂಡರು. ಗಂಡು ಗಿಡ ಹೂ ಬಿಡುವ ಮುಂಚೆಯೇ ಕಾಂಡವನ್ನು ಉದ್ದಕ್ಕೆ ಸೀಳಿ, ಅರ್ಧ ಭಾಗ ತೆಗೆದು ನಾರು ಎಷ್ಟಿದೆ ನೋಡುವುದು. ಉಳಿದರ್ಧ ಗಿಡ ಬದುಕಿರುತ್ತದೆ. ನಾರು ಜಾಸ್ತಿ ಇರುವ ಗಂಡನ್ನು ಮಾತ್ರ ಹೂ ಬಿಡಲು ಬಿಟ್ಟು, ಉಳಿದವನ್ನು ಕಿತ್ತುಹಾಕುವುದು. ಹಂಗೇರಿಯ ಬೋಚಾ ಇದೇ ದಾರಿಯಲ್ಲಿ ಕೊಂಪೊಲ್ಟಿ ತಳಿಯನ್ನು ಬೆಳೆಸಿದರು. ಅದರ ಬೇರು ಇಟಲಿಯ ನಾಟಿ ಹೆಂಪ್. ಗಾಳಿಯಿಂದ ಪರಾಗ ಪಡೆಯುವ ಬೆಳೆಯಲ್ಲಿ ಅಪ್ಪನನ್ನು ಹತೋಟಿಗೆ ತಂದರೆ ಅರ್ಧ ಕೆಲಸ ಮುಗಿದಂತೆ. ಮಗಳು ಇದನ್ನು ಚಿತ್ರ ಬರೆದು ವಿವರಿಸಲಿ.

ಮತ್ತಿನ ಅಂಶದ ಕಡೆ ಬರೋಣ. ಇದೇ ಎಲ್ಲರ ಕುತೂಹಲ, ಅಲ್ವಾ? ಗಿಡ ಮೊದಲು ಸಿಬಿಜಿಎ ಎಂಬ ಒಂದು ಮೂಲ ವಸ್ತು ತಯಾರಿಸುತ್ತದೆ. ಅದನ್ನು ಒಂದು ಕಿಣ್ವ ಟಿಎಚ್‌ಸಿ ದಾರಿಗೆ ತಿರುಗಿಸುತ್ತದೆ, ಇನ್ನೊಂದು ಸಿಬಿಡಿ ದಾರಿಗೆ. ಮೊದಲನೆಯದು ಅಮಲು ತರುವಂಥದ್ದು, ಎರಡನೆಯದು ಅಮಲು ತರುವುದಿಲ್ಲ. 2003ರಲ್ಲಿ ಡಿ ಮೈಯರ್ ಮತ್ತು ಸಂಗಡಿಗರು ಎರಡು ಬಗೆಯ ಗಿಡಗಳನ್ನು ಕೂಡಿಸಿ ನೋಡಿದಾಗ ಎರಡನೇ ಪೀಳಿಗೆಯಲ್ಲಿ ಮೆಂಡೆಲ್‌ನ 1:2:1 ಲೆಕ್ಕ ಬಂತು. ಕಾಲು ಭಾಗ ಶುದ್ಧ ಟಿಎಚ್‌ಸಿ, ಅರ್ಧ ಎರಡರ ಮಿಶ್ರ, ಕಾಲು ಭಾಗ ಶುದ್ಧ ಸಿಬಿಡಿ. ಒಂದೇ ಜೀನಿನ ಎರಡು ರೂಪ ಅಂದುಕೊಂಡಿದ್ದರು. ಅಕ್ಕಪಕ್ಕ ಅಂಟಿಕೊಂಡು ಸಾಗುವ ಬೇರೆ ಬೇರೆ ಜೀನ್‌ಗಳು ಅಂತ ಆಮೇಲೆ ಗೊತ್ತಾಯಿತು. ಕೂಡಿಸಿ ಆರಿಸುವವನಿಗೆ ಎರಡೂ ಒಂದೇ.

ಮೊರಾಕೊ, ಅಫ್ಘಾನಿಸ್ತಾನದ ಹಳೆಯ ನಾಟಿ ಹೊಲಗಳಲ್ಲಿ ಈ ಮೂರೂ ಬಗೆ ಕಲಸಿಕೊಂಡು ಇರುತ್ತಿದ್ದವು. ಹಾಗಾಗಿ ಅಲ್ಲಿನ ಚರಸ್‌ನಲ್ಲಿ ಸಿಬಿಡಿಯೂ ಒಂದಷ್ಟು ಇರುತ್ತಿತ್ತು. 1970ರ ನಂತರ ಅಮೆರಿಕ, ನೆದರ್ಲೆಂಡ್ಸ್‌ನ ಕಳ್ಳ ಬೆಳೆಗಾರರು ಅಫ್ಘಾನಿಸ್ತಾನ, ಕೊಲಂಬಿಯಾ, ಮೆಕ್ಸಿಕೊದ ನಾಟಿಗಳನ್ನು ಕೂಡಿಸಿ ಬರೀ ಟಿಎಚ್‌ಸಿಗೆ ಆರಿಸುತ್ತಾ ಹೋದರು. ಅಮೆರಿಕದಲ್ಲಿ ಪೊಲೀಸರು ಹಿಡಿದ ಮಾಲಿನಲ್ಲಿ 1995ರಲ್ಲಿ ಸರಾಸರಿ ಶೇ 4ರಷ್ಟಿದ್ದ ಟಿಎಚ್‌ಸಿ 2014ಕ್ಕೆ ಶೇ 12ರ ಹತ್ತಿರ ಬಂತು. ಸಿಬಿಡಿ ಹೆಚ್ಚುಕಡಿಮೆ ಮಾಯವಾಯಿತು. ತಳಿ ವಿಜ್ಞಾನದ ಕಣ್ಣಿನಲ್ಲಿ ಇದು ಒರಟು ಕೆಲಸ. ಒಂದೇ ಗುಣದ ಬೆನ್ನು ಹತ್ತಿ ಉಳಿದದ್ದನ್ನೆಲ್ಲ ಚೆಲ್ಲಿದರು. ಆಮೇಲೆ ಔಷಧಿಗೆ ಸಿಬಿಡಿ ಬೇಕು ಅಂದಾಗ ಮತ್ತೆ ಹಳೆಯ ಹೆಂಪ್, ಹಳೆಯ ನಾಟಿಗಳ ಬಾಗಿಲಿಗೇ ಬಂದರು.

ನಮ್ಮ ದೇಶದಲ್ಲಿ ಇದು ಇನ್ನೊಂದು ರೂಪದಲ್ಲಿ ತೊಡಕಾಗಿದೆ. ಉತ್ತರಾಖಂಡ 2018ರಲ್ಲಿ ಲೈಸೆನ್ಸ್ ಕೊಟ್ಟು ಕೈಗಾರಿಕೆ ಹೆಂಪ್ ಬೆಳೆಸಲು ಮುಂದಾಯಿತು. ಷರತ್ತು: ಟಿಎಚ್‌ಸಿ ಶೇ 0.3 ದಾಟಬಾರದು. ಅಲ್ಲಿನ ಬೆಟ್ಟದ ಜನ ನಾರಿಗೂ ಚಟ್ನಿಯ ಬೀಜಕ್ಕೂ ತಲೆಮಾರುಗಳಿಂದ ಬೆಳೆದ ನಾಟಿ ಗಿಡ ಈ ಗೆರೆ ದಾಟಿಬಿಡುತ್ತದೆ. ಯುರೋಪಿನ ಬೀಜ ತಂದರೆ ಗೆರೆಯೊಳಗೆ ಇರುತ್ತದೆ, ಬೆಟ್ಟಕ್ಕೆ ಒಗ್ಗುವುದಿಲ್ಲ. ಹಾಗಾದರೆ ನಾಟಿಗೆ ಸಿಬಿಡಿ ಕಡೆಯ ಜೀನ್ ಕೂಡಿಸಿ, ಆರಿಸಿ, ಮತ್ತೆ ನಾಟಿಗೆ ಕೂಡಿಸಬೇಕು. ಅದರಲ್ಲೂ ಒಂದು ಸೂಕ್ಷ್ಮ ಇದೆ. ಸಿಬಿಡಿ ಮಾಡುವ ಕಿಣ್ವ ಕೈತಪ್ಪಿದಂತೆ ಸ್ವಲ್ಪ ಟಿಎಚ್‌ಸಿಯನ್ನೂ ಮಾಡುತ್ತದೆ, ಇಪ್ಪತ್ತಕ್ಕೆ ಒಂದರಂತೆ. ಹೂವಿನಲ್ಲಿ ಸಿಬಿಡಿ ಶೇ 10 ಇದ್ದರೆ ಟಿಎಚ್‌ಸಿ ಶೇ 0.5 ಬಂದುಬಿಡುತ್ತದೆ. ಶುದ್ಧ ಸಿಬಿಡಿ ಗಿಡವೂ ಕಾನೂನಿಗೆ ಅಪರಾಧಿ. ಹೀಗಾಗಿ ಎರಡೂ ಕಡಿಮೆ ಇರುವ ನಾಟಿ ಗಿಡಗಳನ್ನು ಗುಂಪಿನಲ್ಲಿ ಹುಡುಕಬೇಕು. ಹುಡುಕಲು ಗುಂಪು ಇರಬೇಕು.

ಮೊರಾಕೊದ ಇನ್ನೊಂದು ಮಾತು ಕೋಲಾರ, ಚಿಕ್ಕಬಳ್ಳಾಪುರದವರಿಗೆ ಬೇಗ ಅರ್ಥವಾಗುತ್ತದೆ. ಅಲ್ಲಿನ ರಿಫ್ ಬೆಟ್ಟಗಳಲ್ಲಿ ಬೆಲ್ದಿಯಾ ಎಂಬ ನಾಟಿ ಇದೆ. ಮಳೆಯಲ್ಲೇ ಬೆಳೆಯುತ್ತದೆ, ಇಳುವರಿ ಕಡಿಮೆ. ಹೊರಗಿನ ಹೈಬ್ರಿಡ್ ಬೀಜ ಬಂದ ಮೇಲೆ ರೈತರು ಅತ್ತ ಹೊರಳಿದರು. ಅದಕ್ಕೆ ಬೇಸಿಗೆಯಿಡೀ ನೀರು ಬೇಕು. ಬಾವಿ ಆಳವಾದವು, ಚಿಲುಮೆ ಬತ್ತಿದವು. ಸಾವಿರ ಅಡಿ ಕೊರೆದು ಟೊಮೆಟೊ ಬೆಳೆಯುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2021ರಲ್ಲಿ ಮೊರಾಕೊ ಔಷಧಿ ಮತ್ತು ಕೈಗಾರಿಕೆಗೆ ಬೆಳೆಯುವುದನ್ನು ಕಾನೂನಿನೊಳಗೆ ತಂದಿತು. ಈಚೆಗೆ ಬೆಲ್ದಿಯಾಕ್ಕೂ ಅಲ್ಲಿ ಅಧಿಕೃತ ಜಾಗ ಸಿಕ್ಕಿದೆ. ಆದರೆ ಅಷ್ಟು ವರ್ಷ ಹೈಬ್ರಿಡ್ ಹೊಲಗಳ ಪಕ್ಕದಲ್ಲಿ ನಿಂತ ಬೆಲ್ದಿಯಾ ಎಷ್ಟರ ಮಟ್ಟಿಗೆ ಬೆಲ್ದಿಯಾ?

ಈ ಪ್ರಶ್ನೆಯೇ ನಿಮ್ಮ ಎರಡನೇ ಪ್ರಶ್ನೆಗೆ ಬಾಗಿಲು. ಸ್ಪೇನಿನ ಮಲಗಾ ಊರಿನಲ್ಲಿ ಗಾಳಿಯ ಪರಾಗ ಹಿಡಿಯುವ ಯಂತ್ರಗಳಿವೆ, ಅಲರ್ಜಿ ಮುನ್ಸೂಚನೆಗೆ ಇಟ್ಟದ್ದು. ಅದರಲ್ಲಿ ಗಾಂಜಾ ಪರಾಗ ಸಿಕ್ಕಿತು. ಗಾಳಿಯ ದಿಕ್ಕು ಹಿಡಿದು ನೋಡಿದರೆ ಸಮುದ್ರದಾಚೆಯ ಮೊರಾಕೊದಿಂದ ಬಂದಿತ್ತು. 1997ರಲ್ಲಿ ಇದನ್ನು ಪ್ರಕಟಿಸಿದರು. ಅಷ್ಟು ದೂರ ಬಂದ ಪರಾಗಕ್ಕೆ ಬೀಜ ಕಟ್ಟಿಸುವ ಜೀವ ಇದ್ದೇ ಇರುತ್ತದೆ ಅಂತಲ್ಲ. ಆದರೆ ಪಕ್ಕದ ಕಣಿವೆಯ ಹೈಬ್ರಿಡ್ ಗಂಡು ನಿಮ್ಮ ನಾಟಿ ಹೆಣ್ಣನ್ನು ಮುಟ್ಟಲು ಏನೂ ಕಷ್ಟ ಇಲ್ಲ.

ನಮ್ಮ ದೇಶದ ಬೀಜ ಪ್ರಮಾಣೀಕರಣದ ನಿಯಮ ತೆಗೆದು ನೋಡಿ. ರಾಗಿ ಬೀಜದ ಹೊಲಕ್ಕೂ ಪಕ್ಕದ ರಾಗಿಗೂ 3 ಮೀಟರ್ ಅಂತರ ಸಾಕು. ಈರುಳ್ಳಿಗೆ ಮೂಲ ಬೀಜವಾದರೆ 1,000 ಮೀಟರ್, ಪ್ರಮಾಣಿತ ಬೀಜಕ್ಕೆ 500. ಚಿಕ್ಕಬಳ್ಳಾಪುರದ ಕಡೆ ಗುಲಾಬಿ ಈರುಳ್ಳಿ ಬೀಜ ಮಾಡುವವರಿಗೆ ಈ ಕಷ್ಟ ಗೊತ್ತು. ಈರುಳ್ಳಿಯ ಪರಾಗವನ್ನು ಜೇನು ನೊಣ ಒಯ್ಯುತ್ತದೆ, ಗಾಂಜಾದ್ದನ್ನು ಗಾಳಿ. ಹೆಂಪ್ ಮೂಲ ಬೀಜಕ್ಕೆ ಹೊರದೇಶಗಳಲ್ಲಿ ಕಿಲೋಮೀಟರ್‌ಗಟ್ಟಲೆ ಅಂತರ ಕೇಳುತ್ತಾರೆ. ನಿಮ್ಮ ಅಜ್ಜಿ ಒಳ್ಳೆಯ ರಾಗಿ ತೆನೆ ಹತ್ತು ಆರಿಸಿ ಸೂರಿಗೆ ಕಟ್ಟಿದರೆ, ಅಕ್ಕಪಕ್ಕದವರು ಏನೇ ಬಿತ್ತಲಿ, ಮುಂದಿನ ವರ್ಷವೂ ಅದೇ ರಾಗಿ ಬರುತ್ತಿತ್ತು. ಗಾಂಜಾದಲ್ಲಿ ಹಾಗೆ ಒಬ್ಬರ ಮನೆಯಲ್ಲಿ ನಾಟಿ ಉಳಿಯುವುದಿಲ್ಲ. ಇಡೀ ಕಣಿವೆ ಒಂದೇ ಬೀಜ ಬಿತ್ತಿದರೆ ಮಾತ್ರ ಉಳಿಯುತ್ತದೆ. ಒಬ್ಬ ಹೊಸ ಬೀಜ ತಂದರೂ ಎಲ್ಲರದ್ದೂ ಕೆಡುತ್ತದೆ.

ಇನ್ನೊಂದು ಅಪಾಯ ಹೊರಗಿನಿಂದ ಬರುವುದಿಲ್ಲ, ನಾವೇ ಮಾಡಿಕೊಳ್ಳುವುದು. ಗುಂಪಿನಲ್ಲಿ ಯಾವುದೋ ಒಂದು ಒಳ್ಳೆಯ ಜೀನ್ ನೂರಕ್ಕೆ ಐದರಷ್ಟು ಮಾತ್ರ ಇದೆ ಅಂದುಕೊಳ್ಳಿ. ಆ ಟರ್ಕಿ ಗೋಧಿಯ ರೋಗ ತಡೆಯುವ ಶಕ್ತಿಯಂಥದ್ದು. ಪ್ರತಿ ಗಿಡದಲ್ಲೂ ಎರಡು ಪ್ರತಿ ಇರುತ್ತವೆ. ಹತ್ತು ಗಿಡದಿಂದ ಬೀಜ ತೆಗೆದರೆ ಇಪ್ಪತ್ತು ಪ್ರತಿ. ಅದರಲ್ಲಿ ಆ ಜೀನ್ ಒಂದೂ ಬರದೇ ಇರುವ ಸಂಭವ ಶೇ 36. ಅಂದರೆ ಮೂರರಲ್ಲಿ ಒಂದು ಸಲ ಅದು ಒಂದೇ ವರ್ಷದಲ್ಲಿ ಕಳೆದುಹೋಯಿತು. ಐವತ್ತು ಗಿಡದಿಂದ ತೆಗೆದರೆ ಈ ಸಂಭವ ಶೇ 0.6ಕ್ಕೆ ಇಳಿಯುತ್ತದೆ. ಕ್ಯಾಲ್ಕುಲೇಟರ್‌ನಲ್ಲಿ 0.95 ಅನ್ನು ಇಪ್ಪತ್ತು ಸಲ, ನೂರು ಸಲ ಗುಣಿಸಿದರೆ ಬರುವ ಲೆಕ್ಕ ಇದು.

ಗಂಡು ಹೆಣ್ಣು ಬೇರೆ ಇರುವ ಗಿಡದಲ್ಲಿ ಇದು ಇನ್ನೂ ಕಟು. ಬ್ರಿಟಿಷರ ಕಾಲದಲ್ಲಿ ಬಂಗಾಳದ ನೌಗಾಂವ್ ಸೀಮೆಯಲ್ಲಿ ಲೈಸೆನ್ಸ್ ಇದ್ದ ಗಾಂಜಾ ಹೊಲಗಳಿದ್ದವು. ಬೀಜ ಕಟ್ಟಿದರೆ ಮಾಲಿನ ದರ ಬೀಳುತ್ತಿತ್ತು. ಅದಕ್ಕೆ ಗಂಡು ಗಿಡಗಳನ್ನು ಗುರುತಿಸಿ ಕಿತ್ತುಹಾಕುವುದಕ್ಕೇ ಪಳಗಿದ ಜನ ಇದ್ದರು. ಇಂಗ್ಲಿಷ್ ಅಧಿಕಾರಿಗಳು ಅವರನ್ನು 'ಗಾಂಜಾ ಡಾಕ್ಟರ್' ಅಂತ ದಾಖಲೆಯಲ್ಲಿ ಬರೆದಿದ್ದಾರೆ. 1893-94ರ ಭಾರತೀಯ ಹೆಂಪ್ ಡ್ರಗ್ಸ್ ಕಮಿಷನ್ 1,193 ಸಾಕ್ಷಿಗಳನ್ನು ಕೇಳಿ ಏಳು ಸಂಪುಟ ಬರೆಯಿತು, ಈ ವಿವರಗಳೆಲ್ಲ ಅದರಲ್ಲಿವೆ. ಮಗಳು ಅದನ್ನು ತಿರುವಿ ನೋಡಲಿ. ಆ ಕಾಲದ ಬೇಸಾಯದ ಬಗ್ಗೆ ಅಷ್ಟು ವಿವರ ಬೇರೆ ಕಡೆ ಸಿಗುವುದು ಕಷ್ಟ. ಈಗ ಲೆಕ್ಕ ನೋಡಿ. ಒಂದು ಹೊಲದಲ್ಲಿ ಐವತ್ತು ಹೆಣ್ಣು ಉಳಿದು, ಡಾಕ್ಟರ ಕಣ್ಣು ತಪ್ಪಿಸಿದ ಒಂದೇ ಗಂಡಿನಿಂದ ಬೀಜ ಕಟ್ಟಿತು ಅನ್ನಿ. ವಂಶದ ಲೆಕ್ಕದಲ್ಲಿ ಇವು ನಿಜವಾಗಿ ಎಷ್ಟು ಗಿಡಕ್ಕೆ ಸಮ ಅಂತ ತಿಳಿಯಲು ಹೆಣ್ಣು ಗಂಡಿನ ಸಂಖ್ಯೆ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಒಟ್ಟು ಗಿಡಗಳಿಂದ ಭಾಗಿಸಬೇಕು. ಇನ್ನೂರನ್ನು ಐವತ್ತೊಂದರಿಂದ ಭಾಗಿಸಿದರೆ ನಾಲ್ಕು ಕೂಡ ಪೂರ್ತಿ ಬರುವುದಿಲ್ಲ. ಕಣ್ಣಿಗೆ ಐವತ್ತೊಂದು ಗಿಡ. ವಂಶದ ಲೆಕ್ಕಕ್ಕೆ ನಾಲ್ಕು.

ಹೀಗಿರುವಾಗ ಆನ್‌ಲೈನ್‌ನಲ್ಲಿ ಹೊರದೇಶದ ಅಂಗಡಿಗಳು 'ಶುದ್ಧ ಕೇರಳ ನಾಟಿ', 'ಶುದ್ಧ ಮಲಾನಾ' (ಹಿಮಾಚಲದ ಒಂದು ಹಳ್ಳಿ) ಅಂತ ಹತ್ತು ಬೀಜದ ಪೊಟ್ಟಣ ಮಾರುವುದನ್ನು ನೋಡಿದರೆ ನನಗೆ ನಗು ಬರುತ್ತದೆ. ಹತ್ತು ಬೀಜದಲ್ಲಿ ಒಂದು ಸೀಮೆಯ ತಳಿ ಹಿಡಿಯುವುದಿಲ್ಲ. ಆ ಬೀಜ ಕಟ್ಟಿದಾಗ ಗಾಳಿ ಎತ್ತ ಬೀಸುತ್ತಿತ್ತು ಅಂತ ಮಾರುವವನಿಗೂ ಗೊತ್ತಿಲ್ಲ. ಇಲ್ಲಿಗೆ ತರಿಸಿಕೊಂಡರೆ ಕೇಸು ಬೇರೆ.

ಹಾಗಾದರೆ ಯಾರು ಉಳಿಸಬೇಕು? ಇಲ್ಲಿ ನನ್ನ ಅಭಿಪ್ರಾಯ ಖಡಕ್ಕಾಗಿದೆ. ರಾಗಿಯ ನಾಟಿ ರೈತರ ಮನೆಯಲ್ಲೇ ಉಳಿಯಲಿ, ಬ್ಯಾಂಕಿನಲ್ಲೂ ಒಂದು ಪ್ರತಿ ಇರಲಿ. ಗಾಂಜಾದ್ದು ಸರ್ಕಾರಿ ಸಂಶೋಧನಾ ಸಂಸ್ಥೆಗಳ ಕೆಲಸ. ಬೀಜದಲ್ಲಿ ಎಣ್ಣೆ ಜಾಸ್ತಿ, ಮನೆಯ ಬಿಸಿಗೆ ಮೊಳಕೆ ಶಕ್ತಿ ಬೇಗ ಹೋಗುತ್ತದೆ. ಹಗೇವಿನ ರಾಗಿಯ ಹಾಗೆ ವರ್ಷಗಟ್ಟಲೆ ಇಡಲು ಬರುವುದಿಲ್ಲ, ಒಣಗಿಸಿ ಸೊನ್ನೆಗಿಂತ 18-20 ಡಿಗ್ರಿ ಕೆಳಗಿನ ಚಳಿಯಲ್ಲಿ ಇಡಬೇಕು. ಕೆಲವು ವರ್ಷಕ್ಕೊಮ್ಮೆ ಬಿತ್ತಿ ಹೊಸ ಬೀಜ ಮಾಡುವಾಗ ಪರಾಗ ಒಳಗೂ ಬರದಂತೆ, ಹೊರಗೂ ಹೋಗದಂತೆ ಕಾಯಬೇಕು. ಗಂಡು ಹೆಣ್ಣು ಎರಡೂ ಹತ್ತಾರು ಇರಬೇಕು. ಇದು ಒಂದು ಕುಟುಂಬ ಮಾಡುವ ಕೆಲಸ ಅಲ್ಲ.

ಇನ್ನು ನಿಮ್ಮ ಒಂದು ಎಕರೆ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ಅನುಮತಿ ಇಲ್ಲದೆ ಈ ಗಿಡ ಬೆಳೆಯುವುದನ್ನು ನಿಷೇಧಿಸುತ್ತದೆ. 20ನೇ ಸೆಕ್ಷನ್ ಪ್ರಕಾರ ಬೆಳೆದರೆ 10 ವರ್ಷದವರೆಗೆ ಕಠಿಣ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಇಷ್ಟೇ ಗಿಡಕ್ಕೆ ವಿನಾಯಿತಿ ಅಂತ ಏನಿಲ್ಲ. ರಾಗಿ ಸಾಲಿನ ನಡುವೆ ನಾಲ್ಕು ಗಿಡ ಇಟ್ಟು ಸಿಕ್ಕಿಬಿದ್ದವರ ಸುದ್ದಿ ನೀವೂ ಓದಿರುತ್ತೀರಿ. 14ನೇ ಸೆಕ್ಷನ್ ನಾರು, ಬೀಜ ಅಥವಾ ತೋಟಗಾರಿಕೆಗೆ ಸರ್ಕಾರ ಸಾಮಾನ್ಯ ಅಥವಾ ವಿಶೇಷ ಆದೇಶದ ಮೂಲಕ ಅನುಮತಿ ಕೊಡಬಹುದು ಅನ್ನುತ್ತದೆ. ಉತ್ತರಾಖಂಡ ಹೋದದ್ದು ಆ ದಾರಿಯಲ್ಲಿ. ಅಲ್ಲಿನ ಅನುಮತಿ ಮಧುಗಿರಿಗೆ ನಡೆಯುವುದಿಲ್ಲ. ನಿಮಗೆ ಹೇಳಿದವರು ಬಹುಶಃ 2021ರ ಆಹಾರ ಸುರಕ್ಷತಾ ಪ್ರಾಧಿಕಾರದ ಆದೇಶ ಕೇಳಿರಬೇಕು. ಅದು ಹೆಂಪ್ ಬೀಜ, ಎಣ್ಣೆ, ಹಿಟ್ಟನ್ನು ಆಹಾರವಾಗಿ ಮಾರಲು ಕೊಟ್ಟ ಅನುಮತಿ. ತಿನ್ನುವುದಕ್ಕೆ ಅನುಮತಿ ಬೇರೆ, ಬಿತ್ತುವುದಕ್ಕೆ ಬೇರೆ. ಹೊಲದ ಪಹಣಿ ನಿಮ್ಮ ಹೆಸರಲ್ಲಿರುತ್ತದೆ ಅನ್ನುವುದು ನೆನಪಿರಲಿ.

ಹಾಗೆಯೇ, ಬೀಜದ ಅಂಗಡಿಯಲ್ಲಿ 'ಸನ್‌ಹೆಂಪ್' ಅಂತ ಬರೆದ ಚೀಲ ನೋಡಿ ಹೆದರಬೇಡಿ. ಅದು ನಮ್ಮ ಅಪ್ಸೆಣಬು, ಹಸಿರೆಲೆ ಗೊಬ್ಬರಕ್ಕೆ ಬಿತ್ತುವುದು. ಹಳದಿ ಹೂ ಬಿಡುವ ದ್ವಿದಳ ಗಿಡ. ಗಾಂಜಾಕ್ಕೂ ಅದಕ್ಕೂ ನೆಂಟಸ್ತಿಕೆಯೇ ಇಲ್ಲ. ಧಾರಾಳವಾಗಿ ಬಿತ್ತಿ.

ಕೊನೆಗೆ ಮಗಳ ಸೆಮಿನಾರ್. ಬರೀ ಪುಸ್ತಕದಿಂದ ತೆಗೆದು ಹೇಳಿದರೆ ಸಪ್ಪೆ ಆಗುತ್ತದೆ. ಗಾಂಜಾ ಗಿಡ ಮುಟ್ಟದೆ ಅದೇ ಪಾಠವನ್ನು ಕೈಯಿಂದ ಕಲಿಯುವ ದಾರಿ ನಿಮ್ಮ ಹೊಲದಲ್ಲೇ ಇದೆ. ನಿಮ್ಮ ಅಕ್ಕಡಿ ಸಾಲಿನ ಹುಚ್ಚೆಳ್ಳು ನೋಡಿ. ಗಂಡು ಹೆಣ್ಣು ಬೇರೆ ಇಲ್ಲ, ಆದರೂ ಅದು ತನ್ನ ಪರಾಗವನ್ನು ತಾನು ಒಪ್ಪುವುದಿಲ್ಲ. ಬೇರೆ ಗಿಡದ್ದೇ ಬೇಕು, ಜೇನು ತಂದುಕೊಡಬೇಕು. ನಿಮ್ಮ ಮನೆಯ ಬೀಜ ಅಂಗಡಿಯಿಂದ ತಂದದ್ದಲ್ಲ, ತಲೆಮಾರಿನಿಂದ ಬಂದದ್ದು ಆಗಿದ್ದರೆ ಅದು ಪಕ್ಕಾ ನಾಟಿ. ರಾಗಿಯ ನಾಟಿಗಳನ್ನು ಸಾವಿರಾರು ಲೆಕ್ಕದಲ್ಲಿ ಕೂಡಿಟ್ಟಿದ್ದಾರೆ. ಬದುವಿನ ಹುಚ್ಚೆಳ್ಳಿನ ಕಡೆ ತಿರುಗಿ ನೋಡಿದವರು ಕಡಿಮೆ. ಹೂ ಬಿಟ್ಟಾಗ ಮಗಳು ಹೊಲಕ್ಕೆ ಬರಲಿ. ಯಾವ ಗಿಡ ಮೊದಲು ಹೂ ಬಿಟ್ಟಿತು, ಯಾವುದು ಕೊನೆಗೆ, ಕಾಂಡದ ಬಣ್ಣ, ಎತ್ತರ, ಹೂವಿನ ಅಗಲ ಬರೆದುಕೊಳ್ಳಲಿ. ಬೀಜ ತೆಗೆಯುವಾಗ ಚೆನ್ನಾಗಿರುವ ನಾಲ್ಕು ಗಿಡಕ್ಕೇ ಕೈ ಹಾಕಬೇಡಿ. ಸಾಲಿನುದ್ದಕ್ಕೂ ನಡೆದು ಕನಿಷ್ಠ ಐವತ್ತು ಗಿಡದಿಂದ ಒಂದೊಂದು ಹಿಡಿ ಬಲಿತ ಹೂ ಕಿತ್ತು, ನೆರಳಲ್ಲಿ ಒಣಗಿಸಿ, ಬೆರೆಸಿ ಇಡಿ. ಪಕ್ಕದ ಹಳ್ಳಿಯ ಬೀಜ ಸಿಕ್ಕರೆ ಬೇರೆ ಡಬ್ಬಿಯಲ್ಲಿ ಹಾಕಿ, ಊರಿನ ಹೆಸರು, ವರ್ಷ ಬರೆದು ಅಂಟಿಸಿ. ಒಂದು ಪಾಲನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಲ್ಲೋ ಅವಳ ಕಾಲೇಜಿನಲ್ಲೋ ತಳಿ ವಿಭಾಗದವರಿಗೆ ಕೊಡಲಿ.